ಬಾಣಲೆಯ ಸೋಡಾ, ಬೋರಿನ ನೀರು

ಚನ್ನಗಿರಿಯ ಫೋಟೊ ಸ್ಟುಡಿಯೊದಲ್ಲಿ ಕೆಲಸ ಕಲಿಯುವಾಗ ನನಗೆ ಡೆವಲಪರ್, ಅಂದರೆ ಫೋಟೊ ಮೂಡಿಸುವ ದ್ರಾವಣ, ಅಂದರೆ ಪ್ಯಾಕೆಟ್ಟು. ಕತ್ತರಿಸಿ, ಬಿಸಿನೀರಿಗೆ ಸುರಿದು, ಕಲಕಿದರೆ ಆಯಿತು. ಹೊನ್ನಾಳಿಯಲ್ಲಿ ಸ್ವಂತ ಅಂಗಡಿ ಹಾಕಿದ ಮೇಲೆ ಪ್ಯಾಕೆಟ್ಟಿಗೆ ದಾವಣಗೆರೆ ಬಸ್ಸು ಹತ್ತಬೇಕಾಯಿತು. ಮದುವೆ ಕಾಲದಲ್ಲಿ ಹತ್ತಿ ಹೋದರೂ ಎಷ್ಟೋ ಸಲ ಬರಿಗೈ.

ನಾನೇ ಬೆರೆಸೋಣವೆಂದುಕೊಂಡೆ. ಸ್ಟುಡಿಯೊದ ಗುರುಗಳಿಂದ ಬರೆದುಕೊಂಡಿದ್ದ ಕೊಡಕ್‌ನ ಡಿ-72 ಡೆವಲಪರಿನ ಲೆಕ್ಕ ನೋಟ್‌ಬುಕ್ಕಿನಲ್ಲಿತ್ತು. ಒಂದು ಲೀಟರಿಗೆ ಮೆಟಾಲ್ 3 ಗ್ರಾಂ, ಸೋಡಿಯಂ ಸಲ್ಫೈಟ್ 45, ಹೈಡ್ರೋಕ್ವಿನೋನ್ 12, ಒಣ ಸೋಡಿಯಂ ಕಾರ್ಬೊನೇಟ್ 67.5, ಪೊಟ್ಯಾಸಿಯಂ ಬ್ರೋಮೈಡ್ 2. ಪೇಪರಿಗೆ ಬಳಸುವಾಗ ಇದರ ಒಂದು ಪಾಲಿಗೆ ಎರಡು ಪಾಲು ನೀರು. ಮೂರು ಗ್ರಾಂ ತೂಗಲು ಪಕ್ಕದ ಅಕ್ಕಸಾಲಿಯ ತಕ್ಕಡಿ ಕೇಳಿದೆ. “ಬಂಗಾರ ತೂಗೋ ತಟ್ಟೆಗೆ ಅದೇನು ಹಾಕ್ತೀಯೋ ಮಾರಾಯ, ಕಾಗದ ಹಾಸ್ಕೊ” ಅಂದರು. ಕಾಗದ ಹಾಸಿದೆ, ಅದರ ತೂಕ ಕಳೆಯುವುದನ್ನು ಮರೆತೆ. ಅದು ಸಣ್ಣ ತಪ್ಪು.

ದೊಡ್ಡದು, ಪುಡಿಗಳನ್ನು ಕೈಗೆ ಸಿಕ್ಕ ಹಾಗೆ ಸುರಿದಿದ್ದು. ಸೋಡಾ (ಅದೇ ಕಾರ್ಬೊನೇಟ್) ಮೊದಲು, ಹೈಡ್ರೋಕ್ವಿನೋನ್ ಆಮೇಲೆ, ಸಲ್ಫೈಟ್ ಕೊನೆಗೆ. ಕಲಕುತ್ತಿದ್ದಂತೆ ಇಡೀ ಜಾಡಿ ಕಷಾಯದ ಬಣ್ಣಕ್ಕೆ ತಿರುಗಿತು. ಗಾಳಿ ತಾಗಿ ಕೆಡದಂತೆ ಕಾಯುವುದೇ ಸಲ್ಫೈಟು, ಅದನ್ನೇ ಹೊರಗೆ ನಿಲ್ಲಿಸಿದ್ದೆ. ಹಾಗಂತ ಅಷ್ಟನ್ನೂ ಮೊದಲೇ ಹಾಕಿದರೆ ಮೆಟಾಲ್ ಕರಗಲು ಮೊಂಡು ಹಿಡಿಯುತ್ತದೆ. ಕೈ ತಡೆಯುವಷ್ಟು ಬಿಸಿನೀರಿಗೆ ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್, ಅದು ಪೂರ್ತಿ ಕರಗಿದ ಮೇಲೆ ಉಳಿದ ಸಲ್ಫೈಟ್, ಹೈಡ್ರೋಕ್ವಿನೋನ್, ಸೋಡಾ, ಬ್ರೋಮೈಡ್. ಈ ಸಾಲು ಗೋಡೆಗೆ ಅಂಟಿಸಿದ್ದು ಆವತ್ತೇ.

ಸೋಡಾ ಮಾತ್ರ ನನ್ನನ್ನು ಚೆನ್ನಾಗಿ ಆಡಿಸಿತು. ಕಾರ್ಬೊನೇಟ್ ಅಂದರೆ ಬಟ್ಟೆ ಸೋಡಾ ತಾನೇ ಎಂದು ಕಿರಾಣಿ ಅಂಗಡಿಯಿಂದ ಹರಳು ತಂದು, ಅದನ್ನೇ 67 ಗ್ರಾಂ ತೂಗಿ ಹಾಕಿದೆ. ನ್ಯಾಮತಿ ಕಡೆಯ ಹುಡುಗರ ಎಸ್ಸೆಸ್ಸೆಲ್ಸಿ ಅರ್ಜಿಯ ಫೋಟೊಗಳು ಟ್ರೇಯಲ್ಲಿ ಮೂಡಲು ತೂಕಡಿಸಿದವು. ಕಪ್ಪು ಕೂದಲು ಬೂದಿಬಣ್ಣ; ಹದಿನಾರರ ಹುಡುಗರೆಲ್ಲ ತಾತಂದಿರು. ಆ ಹರಳಿನ ನೂರು ಗ್ರಾಮಿನಲ್ಲಿ ಸುಮಾರು 63 ಗ್ರಾಂ ನೀರೇ ಇರುತ್ತದೆ. 180 ಗ್ರಾಂ ಹಾಕಬೇಕಿತ್ತು. ಅದೂ ನೆಚ್ಚುವಂತಿಲ್ಲ, ಡಬ್ಬಿ ತೆರೆದಿಟ್ಟರೆ ಹರಳು ತಾನೇ ಒಣಗಿ ಪುಡಿಯಾಗುತ್ತಾ ಹೋಗಿ ತೂಕದ ಲೆಕ್ಕ ತಪ್ಪುತ್ತದೆ. ಕೊನೆಗೆ ಹಳೇ ಕಬ್ಬಿಣದ ಬಾಣಲೆಯಲ್ಲಿ ಹುರಿದೆ. ಒಲೆ ಮೇಲಿಟ್ಟ ಸ್ವಲ್ಪ ಹೊತ್ತಿಗೆ ಹರಳು ತನ್ನ ನೀರಿನಲ್ಲೇ ಕರಗಿ ಪಾಯಸವಾಯಿತು, ಕುದಿಯಿತು, ಪಟಪಟ ಸಿಡಿಯಿತು, ತಳದಲ್ಲಿ ಗಟ್ಟಿ ಹೆಪ್ಪಾಗಿ ಕೂತಿತು. ಕೆರೆದು ಕುಟ್ಟಿದರೆ ಬಿಳಿ ಪುಡಿ. ಅದನ್ನು 67.5 ತೂಗಿದ ದಿನ ಕಪ್ಪು ಕಪ್ಪಾಗಿಯೇ ಬಂತು. (ಅಲ್ಯೂಮಿನಿಯಂ ಪಾತ್ರೆಯಲ್ಲಿ ಈ ಸಾಹಸ ಬೇಡ, ಸೋಡಾ ಅದನ್ನು ತಿನ್ನುತ್ತದೆ.) ಬಾಣಲೆ ಮತ್ತೆ ಅಡುಗೆಮನೆಗೆ ಹೋಗಲಿಲ್ಲ, ನಮ್ಮವಳು ಬಿಟ್ಟುಕೊಳ್ಳಲಿಲ್ಲ.

ಇಷ್ಟು ಪಳಗಿದ ಮೇಲೆ ಅಂಗಡಿಯನ್ನು ಜಗಳೂರಿಗೆ ಸಾಗಿಸಿದೆ. ಅದೇ ಲೆಕ್ಕ, ಅದೇ ಪುಡಿ. ಸೋಡಾ ಬಿದ್ದ ಕೂಡಲೇ ನೀರು ಮಜ್ಜಿಗೆಯಾಯಿತು. ಹೊನ್ನಾಳಿಯಲ್ಲಿ ತುಂಗಭದ್ರೆಯ ನೀರು ಬಳಸಿದವನಿಗೆ ನೀರೂ ಒಂದು ಕೆಮಿಕಲ್ ಎಂಬುದೇ ಹೊಳೆದಿರಲಿಲ್ಲ. ಬೋರಿನ ಗಡುಸು ನೀರಿನ ಸುಣ್ಣದಂಶ ಸೋಡಾ ಜತೆ ಸೇರಿ ಸೀಮೆಸುಣ್ಣದಂತೆ ಇಳಿಯುತ್ತಿತ್ತು, ಟ್ರೇಯ ತಳಕ್ಕೂ, ಮದುಮಗಳ ಕೆನ್ನೆಗೂ. ಕುದಿಸಿ ಆರಿಸಿ ಸೋಸಿದೆ, ಅರ್ಧ ಕಡಿಮೆಯಾಯಿತು. ಮಳೆನೀರು ಹಿಡಿಯೋಣವೆಂದರೆ ಅದು ಜಗಳೂರು, ಮಳೆಗೇ ಕಾಯುವ ಸೀಮೆ.

ಬಸ್ ಸ್ಟ್ಯಾಂಡ್ ಹತ್ತಿರದ ಗ್ಯಾರೇಜಿನಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನ್ ಕಂಡಾಗ ಬುದ್ಧಿ ಬಂತು. ಬೆರೆಸುವುದಕ್ಕೆ ಅದು, ಫೋಟೊ ತೊಳೆಯುವುದಕ್ಕೆ ಮಾತ್ರ ಬೋರು. ವಾರಕ್ಕೆರಡು ಕ್ಯಾನ್ ಒಯ್ಯುವುದನ್ನು ನೋಡಿ ಗ್ಯಾರೇಜಿನ ಹುಡುಗ ಒಂದು ದಿನ ಕೇಳಿಯೇಬಿಟ್ಟ: “ಅಣ್ಣಾ, ಒಟ್ಟು ಎಷ್ಟು ಲಾರಿ ಅದಾವು ನಿಮ್ಮವು?”