ಆಷಾಢದಲ್ಲಿ ಬಂದು ನೋಡು

ಪ್ರೀತಿಯ ತಮ್ಮಾ,

ಕಳಿಸಿದ ಪುಟಗಳನ್ನೆಲ್ಲ ಓದಿದೆ. ಜರ್ಮನಿಯಲ್ಲಿ ಪ್ರವಾಸೋದ್ಯಮ ಕಲಿಯುವವನು ರಜೆಗೆ ಬಂದಾಗ ಕಾರವಾರದ ಕರಾವಳಿ ಉತ್ಸವ ಸುತ್ತಾಡಿ, ಅದನ್ನೇ ಪ್ರಬಂಧಕ್ಕೆ ಆರಿಸಿಕೊಂಡದ್ದು ಖುಷಿಯ ಸಂಗತಿ. ಆದರೆ ನಿನ್ನ ಪುಟಗಳಲ್ಲಿ ಟಾಗೋರ್ ಕಡಲತೀರ, ಮಯೂರವರ್ಮ ವೇದಿಕೆ, ಮಳಿಗೆಗಳ ಸಾಲು, ಚಪಲ್ ಯುದ್ಧನೌಕೆ ಎಲ್ಲ ಇವೆ; ಮಳೆ ಮಾತ್ರ ಒಂದು ಹನಿಯೂ ಇಲ್ಲ. ಅದಕ್ಕೇ ಈ ಕಾಗದ.

ಉತ್ಸವ ನಡೆಯುವ ಡಿಸೆಂಬರಿನಲ್ಲಿ ಕಾರವಾರ ಯಾರಿಗೆ ಚೆಂದ ಕಾಣುವುದಿಲ್ಲ ಹೇಳು? ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ಹರೆಯದ ರವೀಂದ್ರರು 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದರೆಂದು ವೇದಿಕೆ ಹತ್ತಿದವರೆಲ್ಲ ಹೇಳುತ್ತಾರೆ. (ಓದಿದವರು ಎಷ್ಟು ಮಂದಿ ಎಂದು ಕೇಳಲು ಹೋಗಬೇಡ.)

ನೀನು ಕೇಳಬೇಕಾದ್ದು ಬೇರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಅದೇ ಹೊತ್ತಿಗೆ ಕಡಲು ಒರಟಾಗಿ ಪ್ರವಾಸಿಗರ ದೋಣಿಗಳೂ ದಡ ಸೇರುತ್ತವೆ. ಪ್ರವಾಸೋದ್ಯಮವೆಂದರೆ ಮೀನುಗಾರರಿಗೆ ಪರ್ಯಾಯ ಆದಾಯ ಎಂದು ಬರೆದಿದ್ದೀಯಲ್ಲ, ಪರ್ಯಾಯ ಬೇಕಾದ ಎರಡು ತಿಂಗಳಲ್ಲೇ ಅದೂ ರಜೆ ಹಾಕಿದರೆ ಮನೆಗೆ ಅಕ್ಕಿ ಎಲ್ಲಿಂದ ಬರಬೇಕು? ಉತ್ಸವದ ಯಾವ ಮಳಿಗೆಯಲ್ಲೂ ಇದಕ್ಕೆ ಉತ್ತರ ಸಿಗದು. ಬೈತಖೋಲ ಬಂದರಿನಲ್ಲಿ ಬಲೆ ರಿಪೇರಿ ಮಾಡುತ್ತ ಕುಳಿತವರ ಹತ್ತಿರ ಸಿಕ್ಕೀತು.

ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ವೇದಿಕೆಯ ಮೇಲೆ ಬಂದಷ್ಟೇ ಬೇಗ ಮುಗಿಯಿತೆಂದು ಬೇಸರಪಟ್ಟಿದ್ದೀಯ. ಮುಗಿಯದೆ ಏನು? ಅದು ಹೋಳಿಯ ಹೊತ್ತಿನದು, ತಲೆಗೆ ತುರಾಯಿ ಕಟ್ಟಿಕೊಂಡು ಮನೆಮನೆಯ ಅಂಗಳಕ್ಕೆ ಹೋಗಿ ಕುಣಿಯುವಂಥದ್ದು. ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು 'ಜಾನಪದ ಹಾಡುಗಾರ್ತಿ' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. 2017ರಲ್ಲಿ ಪದ್ಮಶ್ರೀ ಪಡೆದ ಆ ಅಜ್ಜಿ ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧವೂ ನಿಂತವರು. ಅದನ್ನು ಸೇರಿಸು.

ನಮ್ಮ ಅಂಕೋಲೆಯ ಕರಿ ಈಶಾಡು ನಿನ್ನ ಕಣ್ಣಿಗೆ ಬಿದ್ದೇ ಇಲ್ಲ; ಡಿಸೆಂಬರಿನಲ್ಲಿ ಮಾವು ಎಲ್ಲಿಂದ ಬೀಳಬೇಕು! 2023ರಲ್ಲಿ ಅದಕ್ಕೆ ಜಿಐ ಟ್ಯಾಗ್ ಸಿಕ್ಕಿತು. ಸಿಪ್ಪೆ ತೆಳು, ಹೆಚ್ಚು ದಿನ ಬಾಳದು. ಮೇ ತಿಂಗಳಲ್ಲಿ ಕೊರಳ ತುಂಬ ಮಣಿಸರ ತೊಟ್ಟ ಹಾಲಕ್ಕಿ ಹೆಂಗಸರು ರಸ್ತೆಯಂಚಿಗೆ ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಹಣ್ಣು ಒತ್ತಿ ನೋಡಿದೆಯೋ, ಅದು ನಿನ್ನದೇ ಆಯಿತು, ದುಡ್ಡು ತೆಗೆ! ದೂರ ಕಳಿಸಲಾಗದ ಹಣ್ಣನ್ನು ತಿನ್ನಬೇಕೆಂದರೆ ಇಲ್ಲಿಗೇ ಬರಬೇಕು. ಊರಿಗೆ ಜನ ಬರಲು ಇದಕ್ಕಿಂತ ಒಳ್ಳೆಯ ಕಾರಣ ನಿನ್ನ ಪಠ್ಯದಲ್ಲಿದೆಯೇ?

ಇನ್ನು ನೀನು 'ಸುಗಮ ಸಂಪರ್ಕ' ಎಂದು ಹೊಗಳಿದ ಹೆದ್ದಾರಿ 66. 2024ರ ಜುಲೈ 16ರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಅದರ ಮೇಲೆಯೇ ಕುಸಿಯಿತು. ಲಾರಿಯವರು ಚಾ ಕುಡಿಯಲು ನಿಲ್ಲುತ್ತಿದ್ದ ಅಂಗಡಿಯೂ ಹೋಯಿತು, ಅದನ್ನು ನಡೆಸುತ್ತಿದ್ದ ಸಂಸಾರವೂ ಹೋಯಿತು. ಗಂಗಾವಳಿ ಹೊಳೆಯ ನೀರು ಉಕ್ಕಿ ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ರಸ್ತೆ ಅಗಲ ಮಾಡಲು ಗುಡ್ಡವನ್ನು ನೆಟ್ಟಗೆ ಕಡಿದದ್ದೇ ಕಾರಣ ಎಂದು ಊರವರು ಇಂದಿಗೂ ದೂರುತ್ತಾರೆ. ಮೂರು ವಾರ ಕಳೆದು, ಆಗಸ್ಟ್ 7ರ ನಡುರಾತ್ರಿ ದಾಟಿದ ಮೇಲೆ, ಅದೇ ಹೆದ್ದಾರಿಯಲ್ಲಿ ಕಾಳಿ ಹೊಳೆಯ ಹಳೆಯ ಸೇತುವೆ ಮುರಿದುಬಿತ್ತು. ಲಾರಿಯೊಂದಿಗೆ ಹೊಳೆಗೆ ಬಿದ್ದ ಚಾಲಕನನ್ನು ದಡಕ್ಕೆ ತಂದವರಲ್ಲಿ ನಮ್ಮ ಮೀನುಗಾರರೂ ಇದ್ದರು. ಸಂಪರ್ಕದ ಅಧ್ಯಾಯದಲ್ಲಿ ಇದೂ ಬರಬೇಕು.

ಹಾಗಾಗಿ ಪ್ರಬಂಧ ಕೊಡುವ ಮೊದಲು ಒಂದು ಜುಲೈ ಇಲ್ಲಿ ಕಳೆ. ಕೊಂಕಣ ರೈಲಿಗೆ ಮಳೆಗಾಲದ ವೇಳಾಪಟ್ಟಿಯೇ ಬೇರೆ, ನೋಡಿಕೊಂಡು ಟಿಕೆಟ್ ಮಾಡು. ಬೈತಖೋಲದಲ್ಲಿ ಕನ್ನಡ ಒಂದೇ ಸಾಲದು. ನಿನ್ನ ಅಜ್ಜಿಗೆ ಫೋನ್ ಮಾಡಿದಾಗಲೆಲ್ಲ ಕೊಂಕಣಿಯಲ್ಲೇ ಮಾತಾಡಿ ನಾಲಿಗೆ ಪಳಗಿಸಿಕೋ. ಮೊದಲ ದಿನ ಕ್ಯಾಮೆರಾ ಒಯ್ಯಬೇಡ. ಅವರು ಚಾ ಕೊಟ್ಟರೆ ಬೇಡ ಅನ್ನಬೇಡ.

ನಿನ್ನ ಅಕ್ಕೋರು,
ಅಂಕೋಲಾ