ಬೆಲ್ಟಿನ ಅಡಿಗೂ ಒಮ್ಮೆ ಕೈಯಾಡಿಸು, ಮಗಳೇ

ಟ್ರೆಡ್‌ಮಿಲ್ ಮನೆಗೆ ಬಂತು, ದಿನಾ ಬೆಳಿಗ್ಗೆ ನಡೀತಿದ್ದೀನಿ ದೊಡ್ಡಪ್ಪ ಅಂದೆ. ಸಂತೋಷ. ಯಾವ ಕಂಪನಿ, ಎಷ್ಟು ಕೊಟ್ಟೆ ಅಂತ ಕೇಳುವುದಿಲ್ಲ, ಕೊಂಡಾಯಿತಲ್ಲ. ಆದರೆ ‘ಮೇಂಟೆನೆನ್ಸ್ ಅಂತೇನಿಲ್ಲ, ಬಟ್ಟೇಲಿ ಒರೆಸ್ತೀನಿ ಅಷ್ಟೇ’ ಅಂದೆ ನೋಡು, ಅಲ್ಲಿ ನನ್ನ ಕಿವಿ ನೆಟ್ಟಗಾಯಿತು. ಹತ್ತಿ ಗಿರಣಿಯ ಬೆಲ್ಟು, ಬೇರಿಂಗುಗಳ ನಡುವೆಯೇ ಕೂದಲು ಹಣ್ಣಾದವನು ನಾನು. ನೀನು ಒರೆಸುತ್ತಿರುವುದು ಕಣ್ಣಿಗೆ ಕಾಣುವ ಭಾಗ. ಈ ಯಂತ್ರ ಕೆಡುವುದು ಕಾಣದ ಭಾಗದಲ್ಲಿ.

ಅದರ ಒಳಗೇನಿದೆ ಅಂತ ಮೊದಲು ತಿಳಿದುಕೋ. ನಿನ್ನ ಕಾಲಡಿ ಓಡುವ ಬೆಲ್ಟಿನ ಮೇಲ್ಮೈ ಪಿವಿಸಿ, ಅಡಿಭಾಗ ನೇಯ್ದ ಪಾಲಿಯೆಸ್ಟರ್ ಬಟ್ಟೆ. ಅದರ ಕೆಳಗೊಂದು ಹಲಗೆ: ಸಾಮಾನ್ಯವಾಗಿ ಎಂಡಿಎಫ್, ಮೇಲೆ ನುಣುಪಾದ ಲೇಪ. ನೀನು ಹೆಜ್ಜೆ ಇಟ್ಟಾಗಲೆಲ್ಲ ನಿನ್ನ ಪೂರ್ತಿ ಭಾರ ಬೆಲ್ಟನ್ನು ಆ ಹಲಗೆಗೆ ಅದುಮುತ್ತದೆ. ಅದುಮಿದ ಬೆಲ್ಟನ್ನೇ ಮೋಟರು ಎಳೆಯಬೇಕು. ನಡುವೆ ಜಿಡ್ಡಿದ್ದರೆ ಜಾರುತ್ತದೆ, ಒಣಗಿದ್ದರೆ ಉಜ್ಜುತ್ತದೆ. ಉಜ್ಜಿತು ಅಂತ ಮೋಟರು ಸುಮ್ಮನಾಗುವುದಿಲ್ಲ. ನೀನು ಕೇಳಿದ ಸ್ಪೀಡು ಕೊಡಲೇಬೇಕೆಂದು ಹೆಚ್ಚು ಕರೆಂಟು ಎಳೆಯುತ್ತದೆ. ಆ ಕರೆಂಟು ಹಾದುಹೋಗುವುದು ಮುಂದಿನ ಮುಚ್ಚಳದ ಕೆಳಗಿರುವ ಕಂಟ್ರೋಲ್ ಬೋರ್ಡಿನ ಮೂಲಕ. ಬೋರ್ಡು ದಿನಾ ಬಿಸಿಯಾಗುತ್ತಾ ಹೋಗಿ, ಒಂದು ಬೆಳಿಗ್ಗೆ ಸುಟ್ಟ ವಾಸನೆ ಬಂದು ಎಲ್ಲ ಬಂದ್. ಮೆಕ್ಯಾನಿಕ್ ಬಂದು ‘ಬೋರ್ಡು ಹೋಗಿದೆ ಮೇಡಂ’ ಅಂತಾನೆ. ಅವನು ಹೇಳುವುದು ನಿಜ. ಆದರೆ ಬೆಲ್ಟಿನ ಅಡಿ ನೋಡದೆ ಹೊಸ ಬೋರ್ಡು ಕೂರಿಸಿ ಹೋದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಅಳಿಯಂದಿರು ಇದನ್ನು ‘ದುಡ್ಡು ಕೊಟ್ಟು ತಂದ ಶಿಕ್ಷೆ’ ಅಂತ ನಕ್ಕರಂತೆ. ಅವರ ಮಾತು ಪೂರ್ತಿ ಸುಳ್ಳಲ್ಲ. 1818ರಲ್ಲಿ ಇಂಗ್ಲೆಂಡಿನ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರು ಜೈಲಿನ ಕೈದಿಗಳು ಸುಮ್ಮನೆ ಕೂರಬಾರದೆಂದು ದೊಡ್ಡದೊಂದು ತುಳಿಯುವ ಚಕ್ರ ಮಾಡಿಸಿದ. ಕೈದಿಗಳು ಗಂಟೆಗಟ್ಟಲೆ ಅದರ ಮೆಟ್ಟಿಲು ತುಳಿಯುತ್ತಿದ್ದರು. ಅಲ್ಲಿ ತಿರುಗಿಸುವ ಕಷ್ಟ ಕೈದಿಯದಾಗಿತ್ತು. ನಿನ್ನ ಮನೆಯಲ್ಲಿ ಅದು ಮೋಟರಿನದು. ಅದಕ್ಕೇ ಅದರ ಯೋಗಕ್ಷೇಮ ನೀನು ನೋಡಬೇಕು.

ಪರೀಕ್ಷೆ ಸುಲಭ. ಪ್ಲಗ್ಗು ತೆಗೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡು. ಪಕ್ಕದಲ್ಲಿ ಕೂತು, ಬೆಲ್ಟಿನ ಅಂಚನ್ನು ನಡುಮಧ್ಯದಲ್ಲಿ ಎತ್ತಿ, ಕೈ ಒಳಗೆ ತೂರಿಸಿ, ಹೆಜ್ಜೆ ಬೀಳುವ ಜಾಗದವರೆಗೆ ಬೆಲ್ಟಿನ ಅಡಿಯನ್ನು ಸವರು. ಬೆರಳಿಗೆ ತೆಳ್ಳಗೆ ಜಿಡ್ಡು ಹತ್ತಿದರೆ ಚಿಂತೆಯಿಲ್ಲ. ಒಣಒಣ ಅನಿಸಿದರೆ, ಕಪ್ಪು ಪುಡಿ ಮೆತ್ತಿಕೊಂಡರೆ ಎಣ್ಣೆ ಹಾಕುವ ಹೊತ್ತು ಮೀರಿದೆ ಅಂತಲೇ ಅರ್ಥ. ಅಂಚನ್ನಷ್ಟೇ ಮುಟ್ಟಿ ಮೋಸ ಹೋಗಬೇಡ. ಅಂಚಿನಲ್ಲಿ ಜಿಡ್ಡು ಎಷ್ಟೋ ಕಾಲ ಉಳಿದಿರುತ್ತದೆ, ಸವೆಯುವುದು ಪಾದ ಬೀಳುವ ಕಡೆ.

ಎಣ್ಣೆ ಅಂದಕೂಡಲೇ ಅಡುಗೆಮನೆಗೆ ಓಡಬೇಡ. ಡಿಸೆಂಬರಿನಲ್ಲಿ ನಿಮ್ಮ ಬೆಂಗಳೂರಿನ ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ. ಬೆಲ್ಟಿನ ಅಡಿ ಅದರ ಗತಿ ಏನಾದೀತು ಅಂತ ನೀನೇ ಯೋಚಿಸು. ಹೊಲಿಗೆ ಮೆಷಿನ್ನಿನ ಎಣ್ಣೆ, ಗಾಡಿಯ ಎಂಜಿನ್ ಆಯಿಲ್, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಬೇಡ. ಪೆಟ್ರೋಲಿಯಂ ಎಣ್ಣೆಗಳು ಬೆಲ್ಟನ್ನೂ ಹಲಗೆಯ ಲೇಪವನ್ನೂ ಹಾಳು ಮಾಡುತ್ತವೆ. ಬೇಕಾದದ್ದು ಶುದ್ಧ ಸಿಲಿಕೋನ್ ಎಣ್ಣೆ. ಟ್ರೆಡ್‌ಮಿಲ್ಲಿಗೆಂದೇ ಸಣ್ಣ ಬಾಟಲಿಯಲ್ಲಿ ಸಿಗುತ್ತದೆ. ಎಷ್ಟು ದಿನಕ್ಕೊಮ್ಮೆ, ಎಷ್ಟು ಅಂತ ನಿನ್ನ ಯಂತ್ರದ ಜೊತೆ ಬಂದ ಪುಸ್ತಕ ಹೇಳುತ್ತದೆ. ದಿನಾ ಅರ್ಧ ಗಂಟೆ ನಡೆಯುವ ಮನೆಯಲ್ಲಿ ಮೂರು ತಿಂಗಳಿಗೊಮ್ಮೆ ಅನ್ನುವುದು ಸಾಮಾನ್ಯ ರೂಢಿ. ಕೆಲವು ಯಂತ್ರಗಳ ಹಲಗೆಗೆ ಕಾರ್ಖಾನೆಯಲ್ಲೇ ಮೇಣ ಹಾಕಿರುತ್ತಾರೆ, ಅದಕ್ಕೆ ಎಣ್ಣೆ ಬಿಡಲೇಬಾರದು. ಹಾಗಾಗಿ ಆ ಪುಸ್ತಕವನ್ನು ರಟ್ಟಿನ ಡಬ್ಬದ ಜೊತೆ ಗುಜರಿಗೆ ಹಾಕಿದ್ದರೆ ಮೊದಲು ಕಂಪನಿಯ ವೆಬ್‌ಸೈಟಿನಿಂದ ಇನ್ನೊಂದು ಇಳಿಸಿಕೋ.

ಹಾಕುವಾಗ ಒಂದು ಕಡೆಯ ಅಂಚು ಎತ್ತಿ, ಹಲಗೆಯ ಮಧ್ಯಭಾಗಕ್ಕೆ ಕೈ ಚಾಚಿ, ಮುಂದಿನಿಂದ ಹಿಂದಕ್ಕೆ ಹಾವು ಹರಿದ ಹಾಗೆ ಸಣ್ಣ ಎಳೆ ಬಿಡು. ಇನ್ನೊಂದು ಕಡೆಯಿಂದಲೂ ಹಾಗೆಯೇ. ಆಮೇಲೆ ಪ್ಲಗ್ಗು ಹಾಕಿ, ಮೇಲೆ ಯಾರೂ ಹತ್ತದೆ, ನಿಧಾನದ ಸ್ಪೀಡಿನಲ್ಲಿ ನಾಲ್ಕೈದು ನಿಮಿಷ ಓಡಲು ಬಿಡು. ಕೊನೆಗೆ ನೀನು ಹತ್ತಿ ನಿಧಾನವಾಗಿ ನಡೆದರೆ ಎಣ್ಣೆ ಎಲ್ಲ ಕಡೆ ಹರಡುತ್ತದೆ. ಜಾಸ್ತಿ ಹಾಕಿದರೆ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯದು. ಹೆಚ್ಚಾದದ್ದು ರೋಲರಿಗೆ ಹೋಗಿ ಬೆಲ್ಟು ಜಾರುತ್ತದೆ, ಧೂಳು ಹಿಡಿದು ಅಂಟಾಗುತ್ತದೆ. ನೆಲಕ್ಕೆ ಒಂದು ತೊಟ್ಟು ಬಿದ್ದರೂ ಆಗಲೇ ಸೋಪಿನ ನೀರಲ್ಲಿ ತೊಳೆದು ಒರೆಸು. ಟೈಲ್ಸ್ ಮೇಲೆ ಸಿಲಿಕೋನ್ ಇದ್ದುದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದರ ಮೇಲೆ ನಿಮ್ಮ ಅತ್ತೆಯವರು ಕಾಲಿಟ್ಟರೆ ಬೋರ್ಡಿನ ರಿಪೇರಿಗಿಂತ ದೊಡ್ಡ ಖರ್ಚು.

ಬೆಲ್ಟು ಒಂದು ಕಡೆ ಸರಿದು ಅಂಚು ತಿಕ್ಕುತ್ತಿದ್ದರೆ ಅದನ್ನೂ ನೀನೇ ಸರಿಮಾಡಬಹುದು. ಹಿಂದಿನ ರೋಲರಿನ ಎರಡು ತುದಿಯಲ್ಲೂ ಒಂದೊಂದು ಬೋಲ್ಟು ಇದೆ, ಅಲೆನ್ ಕೀ ಯಂತ್ರದ ಜೊತೆಗೇ ಬಂದಿರುತ್ತದೆ. ಬೆಲ್ಟು ಎಡಕ್ಕೆ ಸರಿದಿದ್ದರೆ ಎಡಗಡೆಯ ಬೋಲ್ಟನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಕಾಲು ಸುತ್ತು ತಿರುಗಿಸು. ಬಲಕ್ಕೆ ಸರಿದಿದ್ದರೆ ಬಲಗಡೆಯದನ್ನು. ಕಾಲು ಸುತ್ತು, ಅಷ್ಟೇ. ತಿರುಗಿಸಿ, ಖಾಲಿ ಓಡಿಸಿ, ಒಂದೆರಡು ನಿಮಿಷ ಕಾದು ನೋಡು. ಬೆಲ್ಟು ಕೂಡಲೇ ಜಾಗಕ್ಕೆ ಬರುವುದಿಲ್ಲ, ತೆವಳಿಕೊಂಡು ಬರುತ್ತದೆ. ಆ ಎರಡು ನಿಮಿಷದ ತಾಳ್ಮೆ ಇಲ್ಲದೆ ಇನ್ನೊಂದು ಸುತ್ತು, ಮತ್ತೊಂದು ಸುತ್ತು ಅಂತ ಬಿಗಿಯುವವರೇ ಬೆಲ್ಟು ಹರಿಯುವುದು, ಬೇರಿಂಗು ಕೂಗಿಸುವುದು. ಬಿಗಿ ಎಷ್ಟಿರಬೇಕು ಅಂದರೆ, ನಡುಮಧ್ಯದಲ್ಲಿ ಅಂಚು ಹಿಡಿದು ಎತ್ತಿದಾಗ ಬಹುಪಾಲು ಯಂತ್ರಗಳಲ್ಲಿ ಬೆಲ್ಟು 2-3 ಇಂಚು ಏಳಬೇಕು. ನಡೆಯುವಾಗ ಕಾಲಡಿ ಬೆಲ್ಟು ಕ್ಷಣಕಾಲ ತಡೆದು ಮುಗ್ಗರಿಸಿದ ಹಾಗಾದರೆ ಸಡಿಲವಾಗಿದೆ ಅಂತ ಅನುಮಾನಿಸು. ಆಗ ಎರಡೂ ಬೋಲ್ಟುಗಳನ್ನು ಸಮಸಮವಾಗಿ ಕಾಲು ಸುತ್ತು ಬಿಗಿ. ಎರಡು ಸಲ ಬಿಗಿದರೂ ಮುಗ್ಗರಿಸುತ್ತಿದ್ದರೆ ಕೈಬಿಡು. ಮೋಟರಿನಿಂದ ರೋಲರಿಗೆ ಹೋಗುವ ಒಳಗಿನ ಸಣ್ಣ ಬೆಲ್ಟೇ ಜಾರುತ್ತಿರಬಹುದು, ಅದು ಮೆಕ್ಯಾನಿಕ್ಕಿನ ಕೆಲಸ.

ಇನ್ನು ಧೂಳು. ಮೋಟರಿನ ಫ್ಯಾನು ನೆಲಮಟ್ಟದ ಗಾಳಿಯನ್ನೇ ಎಳೆಯುವುದರಿಂದ ಮನೆಯ ಧೂಳು, ಬಟ್ಟೆಯ ಜುಂಗು, ನಿನ್ನ ಉದ್ದ ಕೂದಲು ಎಲ್ಲ ಆ ಮುಚ್ಚಳದ ಕೆಳಗೆ ಸೇರುತ್ತವೆ. ಯಂತ್ರದ ಅಡಿ ರಬ್ಬರ್ ಮ್ಯಾಟ್ ಹಾಕು, ಕಾರ್ಪೆಟ್ ಬೇಡ. ರಸ್ತೆಯಲ್ಲಿ ತೊಟ್ಟ ಬೂಟಿನಲ್ಲಿ ಹತ್ತಬೇಡ. ಅದರ ಮರಳು ಬೆಲ್ಟಿನಡಿ ಸೇರಿದರೆ ಹಲಗೆಗೆ ಉಪ್ಪುಕಾಗದ ಉಜ್ಜಿದ ಹಾಗೆ. ಆರು ತಿಂಗಳಿಗೊಮ್ಮೆ ಪ್ಲಗ್ಗು ತೆಗೆದು ಹತ್ತು ನಿಮಿಷ ಕಾದು, ಮುಚ್ಚಳದ ಸ್ಕ್ರೂ ಬಿಚ್ಚಿ, ಮೆತ್ತನೆಯ ಬ್ರಷ್ ಇರುವ ವ್ಯಾಕ್ಯೂಮ್ ಕ್ಲೀನರಿನಿಂದ ಧೂಳು ಎಳೆ. ಕಾಯುವುದು ಯಾಕೆಂದರೆ ಪ್ಲಗ್ಗು ತೆಗೆದ ಮೇಲೂ ಬೋರ್ಡಿನ ಕೆಪಾಸಿಟರುಗಳಲ್ಲಿ ಕರೆಂಟು ಸ್ವಲ್ಪ ಹೊತ್ತು ಉಳಿದಿರುತ್ತದೆ. ಕಾದ ಮೇಲೂ ಬೋರ್ಡಿಗೆ ಬ್ರಷ್ಷಾಗಲಿ ಬೆರಳಾಗಲಿ ತಾಗಿಸಬೇಡ, ಒದ್ದೆ ಬಟ್ಟೆಯಂತೂ ಹತ್ತಿರವೂ ಬರಬಾರದು. ಇಲಿ ಕಾಟವಿದ್ದರೆ ಆಗಲೇ ವೈರುಗಳ ಮೇಲೊಂದು ಕಣ್ಣು ಹಾಯಿಸು. ಇಷ್ಟಕ್ಕೆ ಧೈರ್ಯ ಸಾಲದಿದ್ದರೆ ಸರ್ವೀಸಿನವನ ಕೈಲೇ ಮಾಡಿಸು, ನಾಚಿಕೆಯ ವಿಷಯವಲ್ಲ.

ಬೆವರಿನ ಮಾತು ಚಿಕ್ಕದು. ಬೆವರಿನಲ್ಲಿ ಉಪ್ಪಿದೆ, ಉಪ್ಪಿಗೆ ತುಕ್ಕು. ಇಳಿದ ಕೂಡಲೇ ಹಿಂಡಿದ ಒದ್ದೆ ಬಟ್ಟೆಯಲ್ಲಿ ಹಿಡಿಕೆ, ಪರದೆ, ಪಕ್ಕದ ಪಟ್ಟಿ ಒರೆಸು, ಆಮೇಲೆ ಒಣಬಟ್ಟೆ. ಪರದೆಗೆ ನೇರವಾಗಿ ಏನನ್ನೂ ಸ್ಪ್ರೇ ಮಾಡಬೇಡ, ಫಿನಾಯಿಲ್ ಮುಟ್ಟಿಸಲೇಬೇಡ.

ಆಯುಧಪೂಜೆಗೆ ಗಿರಣಿಯಲ್ಲಿ ನಾವು ಹೂವು ಏರಿಸುವ ಮೊದಲು ಪ್ರತಿ ಯಂತ್ರವನ್ನೂ ನಿಲ್ಲಿಸಿ, ಉಜ್ಜಿ, ಎಣ್ಣೆ ಕೊಟ್ಟು, ಬೋಲ್ಟು ಬಿಗಿಯುತ್ತಿದ್ದೆವು. ನೀನೂ ವರ್ಷದ ದೊಡ್ಡ ತಪಾಸಣೆಯನ್ನು ಅಂದಿಗೇ ಇಟ್ಟುಕೋ, ಮರೆಯುವ ಮಾತಿಲ್ಲ. ಕುಂಕುಮವನ್ನು ಮಾತ್ರ ಕಂಬಕ್ಕೆ ಹಚ್ಚು. ಪರದೆಯ ಸಂದಿಗೂ ಬೆಲ್ಟಿಗೂ ಬೇಡ. ಕಾಯಿ ಒಡೆಯುವುದು ಬಾಲ್ಕನಿಯಲ್ಲಾಗಲಿ.

ಕರೆಂಟಿನ ವಿಷಯಕ್ಕೆ ಬಂದರೆ, ಒಂದು ಎಚ್‌ಪಿ ಅಂದರೆ 746 ವ್ಯಾಟ್. ಎರಡು ಎಚ್‌ಪಿ ಮೋಟರು ಪೂರ್ತಿ ದುಡಿದರೆ ಒಂದೂವರೆ ಕಿಲೋವ್ಯಾಟ್ ಆಯಿತು. ಅರ್ಥಿಂಗ್ ಸರಿಯಿರುವ 16 ಆಂಪ್ ಪವರ್ ಪಾಯಿಂಟಿಗೇ ನೇರವಾಗಿ ಹಾಕು. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ, ಕರೆಂಟು ಹೋದಾಗ ಮನೆಯ ಇನ್ವರ್ಟರಿನ ಮೇಲೆ ಓಡಿಸುವ ಸಾಹಸವೂ ಬೇಡ.

ನಿನ್ನ ಮಗಳು ಅಂಬೆಗಾಲು ಬಿಟ್ಟು ಓಡಾಡುವ ವಯಸ್ಸಿಗೆ ಬಂದಿದ್ದಾಳೆ, ಅದಕ್ಕೆ ಈ ಮಾತನ್ನು ಸ್ವಲ್ಪ ಗಡುಸಾಗಿಯೇ ಹೇಳುತ್ತೇನೆ. ಬೆಲ್ಟು ಓಡುತ್ತಿರುವಾಗ ಅದಕ್ಕೆ ಬಟ್ಟೆ ಒತ್ತಿ ಹಿಡಿದು ಒರೆಸುವವರನ್ನು ನೋಡಿದ್ದೇನೆ. ಹಿಂದಿನ ರೋಲರ್ ಬಟ್ಟೆಯನ್ನು ಒಳಗೆಳೆದರೆ ಬೆರಳೂ ಅದರ ಜೊತೆ ಹೋಗುತ್ತದೆ. 2021ರ ಮೇ ತಿಂಗಳಲ್ಲಿ ಪೆಲೋಟಾನ್ ಕಂಪನಿ ಅಮೆರಿಕದಲ್ಲಿ ತನ್ನ ‘ಟ್ರೆಡ್ ಪ್ಲಸ್’ ಯಂತ್ರಗಳನ್ನು, ಸುಮಾರು 1,25,000, ವಾಪಸು ಕರೆಸಿಕೊಂಡಿತು. ಆರು ವರ್ಷದ ಮಗುವೊಂದು ಯಂತ್ರದ ಹಿಂಬದಿಯ ಅಡಿಗೆ ಸಿಕ್ಕಿ ತೀರಿಹೋಗಿತ್ತು. ನಡಿಗೆ ಮುಗಿದ ಕೂಡಲೇ ಆ ಕೆಂಪು ಸೇಫ್ಟಿ ಕೀ ತೆಗೆದು ಮಗುವಿನ ಕೈಗೆಟುಕದ ಕಡೆ ಇಡು. ನೀನು ನಡೆಯುವಾಗ ಅದರ ಕ್ಲಿಪ್ಪು ನಿನ್ನ ಬಟ್ಟೆಗೆ ಸಿಕ್ಕಿಸಿರಬೇಕು. ಯಂತ್ರದ ಹಿಂದೆ 2 ಮೀಟರ್ ಜಾಗ ಖಾಲಿ ಬಿಡು, ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಬೇಡ.

ಮೊದಲ ಸರ್ವೀಸಿಗೆ ಹುಡುಗ ಬಂದಾಗ ಅವನಿಗೆ ಕಾಫಿ ಕೊಟ್ಟು ಒಳಗೆ ಹೋಗಬೇಡ, ಪಕ್ಕದಲ್ಲೇ ನಿಂತಿರು. ಟಾಂಗ್ ಟೆಸ್ಟರ್ ತಂದಿದ್ದರೆ, ನೀನು 5 ಕಿಲೋಮೀಟರ್ ಸ್ಪೀಡಿನಲ್ಲಿ ನಡೆಯುತ್ತಿರುವಾಗ ಯಂತ್ರ ಎಷ್ಟು ಆಂಪ್ ಎಳೆಯುತ್ತಿದೆ ಅಂತ ಅಳೆಯಲು ಹೇಳು. ಹೊಸದರಲ್ಲಿ ಬಂದ ಆ ಅಂಕಿಯನ್ನು ತಾರೀಖಿನ ಸಮೇತ ಚೀಟಿಯಲ್ಲಿ ಬರೆದು ಮುಚ್ಚಳದ ಒಳಮೈಗೆ ಅಂಟಿಸು. ಮುಂದಿನ ವರ್ಷ ಅದೇ ಸ್ಪೀಡಿಗೆ, ನಡೆಯುವವಳು ನೀನೇ ಆಗಿದ್ದೂ, ಅಂಕಿ ಏರಿದ್ದರೆ ಬೆಲ್ಟು ಒಣಗಿದೆ, ಇಲ್ಲವೇ ಅತಿಯಾಗಿ ಬಿಗಿದಿದೆ. ಎಣ್ಣೆ ಹಾಕಿದ ಮೇಲೂ ಇಳಿಯದಿದ್ದರೆ ಬೆಲ್ಟು, ಹಲಗೆ ಸವೆದಿವೆಯೋ, ಬೇರಿಂಗು ಬಿಗಿಹಿಡಿದಿದೆಯೋ ಅಂತ ಅವನ ಕೈಲಿ ಬಿಚ್ಚಿಸಿ ನೋಡು. ಎಷ್ಟೋ ಹಲಗೆಗಳಿಗೆ ಎರಡೂ ಮೈಗೆ ಲೇಪವಿರುತ್ತದೆ, ತಿರುಗಿಸಿ ಹಾಕಬಹುದು. ಹೊಸದು ಹಾಕಿ ಅಂತ ಅವನು ಬಿಲ್ಲು ಬರೆಯುವ ಮೊದಲು ಅದೊಂದು ಕೇಳು.