ದೂರ, ವೇಗ, ಕಾಲ: ಮೊದಲು ‘ಯಾವುದು ಸಮ?’ ಎಂದು ಕೇಳಿ



ಸಮೀಕರಣ ಕೊಟ್ಟರೆ ಚಕಚಕನೆ ಬಿಡಿಸುವವರು, ಅದನ್ನೇ ವಾಕ್ಯರೂಪದಲ್ಲಿ ಕೇಳಿದರೆ ಪ್ರಶ್ನೆ ಬಿಟ್ಟು ಮುಂದೆ ಹೋಗುವುದನ್ನು ನಾನು ಪ್ರತಿ ಪರೀಕ್ಷೆಯಲ್ಲೂ ನೋಡುತ್ತೇನೆ. ಸಿಇಟಿಯ ಗಣಿತ ಪತ್ರಿಕೆಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಒಂದಕ್ಕೆ 80 ಸೆಕೆಂಡ್. ಗಾಬರಿಗೆ ಅಲ್ಲಿ ಸಮಯವಿಲ್ಲ. ಬ್ಯಾಂಕ್, ರೈಲ್ವೆ ಪರೀಕ್ಷೆಗಳಲ್ಲೂ ದೂರ, ವೇಗ, ಕಾಲದ ಲೆಕ್ಕ ಬರುವುದರಿಂದ ಕಲಾ ಮತ್ತು ವಾಣಿಜ್ಯ ವಿಭಾಗದವರೂ ಇದನ್ನು ಓದಬೇಕು.

ಸೂತ್ರ ಒಂದೇ: ದೂರ = ವೇಗ × ಕಾಲ. ಕಷ್ಟವಿರುವುದು ಸಮೀಕರಣ ಕಟ್ಟುವುದರಲ್ಲಿ. ಅದಕ್ಕೆ ನಾನು ಹೇಳುವ ದಾರಿ ಇದು: ಪೆನ್ನು ಹಿಡಿಯುವ ಮೊದಲು, ಎರಡು ಪ್ರಯಾಣಗಳಲ್ಲಿ ಯಾವುದು ಸಮ ಎಂದು ಕೇಳಿಕೊಳ್ಳಿ. ಕಾಲವೋ, ದೂರವೋ? ಅದು ಸಿಕ್ಕರೆ ‘=’ ಚಿಹ್ನೆ ಎಲ್ಲಿ ಬರಬೇಕೆಂದು ತಾನಾಗಿಯೇ ತಿಳಿಯುತ್ತದೆ. ನಮ್ಮೂರಿನ ರಸ್ತೆಗಳಲ್ಲೇ ನೋಡೋಣ. ದೂರಗಳನ್ನು ಲೆಕ್ಕಕ್ಕಾಗಿ ಅಂದಾಜಿನಲ್ಲಿ ತೆಗೆದುಕೊಂಡಿದ್ದೇನೆ.

1. ಎದುರುಬದುರು: ಕಾಲ ಸಮ

ಪಿರಿಯಾಪಟ್ಟಣದಿಂದ ಮೈಸೂರಿಗೆ 70 ಕಿ.ಮೀ. ಬೆಳಿಗ್ಗೆ 8ಕ್ಕೆ ಪಿರಿಯಾಪಟ್ಟಣದಿಂದ ಬಸ್ಸು ಗಂಟೆಗೆ 40 ಕಿ.ಮೀ. ವೇಗದಲ್ಲಿ, ಮೈಸೂರಿನಿಂದ ಕಾರು 60 ಕಿ.ಮೀ. ವೇಗದಲ್ಲಿ ಹೊರಡುತ್ತವೆ. ಭೇಟಿ ಎಷ್ಟು ಹೊತ್ತಿಗೆ?

ಒಟ್ಟಿಗೆ ಹೊರಟವು, ಒಂದೇ ಕ್ಷಣದಲ್ಲಿ ಎದುರಾದವು. ಆದ್ದರಿಂದ ಇಬ್ಬರಿಗೂ ಕಾಲ ಒಂದೇ. ಅದನ್ನು ‘ಕ’ ಎನ್ನೋಣ. ಇಬ್ಬರ ದೂರ ಸೇರಿದರೆ ಪೂರ್ತಿ ರಸ್ತೆ.

40ಕ + 60ಕ = 70
ಕ = 0.7 ಗಂಟೆ

0.7 ಗಂಟೆಯೆಂದರೆ 70 ನಿಮಿಷವಲ್ಲ, 0.7 × 60 = 42 ನಿಮಿಷ. ಭೇಟಿ 8.42ಕ್ಕೆ, ಪಿರಿಯಾಪಟ್ಟಣದಿಂದ 28 ಕಿ.ಮೀ. ದೂರದಲ್ಲಿ.

2. ಬೆನ್ನಟ್ಟುವುದು: ದೂರ ಸಮ

ಎಚ್.ಡಿ. ಕೋಟೆಯಿಂದ 7ಕ್ಕೆ ಬಸ್ಸು 40 ಕಿ.ಮೀ. ವೇಗದಲ್ಲಿ ಮೈಸೂರಿಗೆ ಹೊರಟಿತು. ಕಾಲು ಗಂಟೆ ತಡವಾಗಿ ಅಲ್ಲಿಂದಲೇ ಕಾರು 50 ಕಿ.ಮೀ. ವೇಗದಲ್ಲಿ ಹೊರಟಿತು. ಬಸ್ಸನ್ನು ಯಾವಾಗ ಹಿಡಿಯುತ್ತದೆ?

ಹಿಡಿಯುವ ಜಾಗದವರೆಗೆ ಇಬ್ಬರೂ ಕ್ರಮಿಸಿದ ದೂರ ಒಂದೇ. ಬಸ್ಸಿನ ಕಾಲ ‘ಕ’ ಆದರೆ ಕಾರಿನದು ಕ − 1/4.

40ಕ = 50ಕ − 12.5

ಎರಡೂ ಕಡೆ 12.5 ಕೂಡಿದರೆ ಋಣ ಪದ ಹೋಗುತ್ತದೆ: 40ಕ + 12.5 = 50ಕ. ಎರಡೂ ಕಡೆಯಿಂದ 40ಕ ತೆಗೆದರೆ 12.5 = 10ಕ. ಮೊದಲ ಹೆಜ್ಜೆಯೇ ‘ಅಲ್-ಜಬ್ರ್’, ಎರಡನೆಯದು ‘ಅಲ್-ಮುಕಾಬಲಾ’. 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್-ಖ್ವಾರಿಜ್ಮಿ ತನ್ನ ಗ್ರಂಥದ ಹೆಸರಿನಲ್ಲೇ ಇವೆರಡನ್ನೂ ಇಟ್ಟ. ‘ಆಲ್ಜೀಬ್ರಾ’ ಪದ ಅಲ್ಲಿಂದ ಬಂತು. ಅದೇ ಶತಮಾನದಲ್ಲಿ ನಮ್ಮ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಇಬ್ಬರು ಪಯಣಿಗರು ಸಂಧಿಸುವ ಲೆಕ್ಕಗಳನ್ನು ಕೊಟ್ಟಿದ್ದಾನೆ.

ಕ = 1.25 ಗಂಟೆ, ಅಂದರೆ 8.15ಕ್ಕೆ, 50 ಕಿ.ಮೀ. ಆದಾಗ. ಈ ರಸ್ತೆಯನ್ನು 50 ಕಿ.ಮೀ. ಎಂದುಕೊಂಡರೆ ಬಸ್ಸು ಸಿಗುವುದು ಮೈಸೂರಿನಲ್ಲೇ! ರಸ್ತೆ 40 ಕಿ.ಮೀ. ಮಾತ್ರ ಇದ್ದಿದ್ದರೆ ಸಮೀಕರಣ ಇದೇ ಉತ್ತರ ಕೊಡುತ್ತಿತ್ತು, ಆದರೆ ಬಸ್ಸು ದಾರಿಯಲ್ಲಿ ಸಿಗುತ್ತಿರಲಿಲ್ಲ. ಉತ್ತರ ಬಂದ ಮೇಲೆ ಪ್ರಶ್ನೆಗೆ ಹೊಂದುತ್ತದೆಯೇ ಎಂದು ನೋಡಲೇಬೇಕು.

3. ಹೋಗಿ ಬರುವುದು: ಇಲ್ಲೂ ದೂರ ಸಮ

ಕೆ.ಆರ್. ನಗರದಿಂದ ಮೈಸೂರಿಗೆ 40 ಕಿ.ಮೀ. ಹೋಗುವಾಗ ವೇಗ 60, ಬರುವಾಗ 40. ಸರಾಸರಿ ವೇಗ ಎಷ್ಟು? ತರಗತಿಯಲ್ಲಿ ಮೊದಲು ಕೇಳಿಬರುವ ಉತ್ತರ 50. ಅದು ತಪ್ಪು. ಹೋಗಲು 40 ನಿಮಿಷ, ಬರಲು 60 ನಿಮಿಷ, 80 ಕಿ.ಮೀ.ಗೆ 100 ನಿಮಿಷ. ಸರಾಸರಿ ಗಂಟೆಗೆ 48 ಕಿ.ಮೀ. ನಿಧಾನ ವೇಗದಲ್ಲಿ ಹೆಚ್ಚು ಹೊತ್ತು ಕಳೆದದ್ದರಿಂದ ಸರಾಸರಿ ಅದರ ಕಡೆಗೆ ವಾಲುತ್ತದೆ.

ಪರೀಕ್ಷೆಯ ಆಚೆಗೂ ಒಂದು ಲೆಕ್ಕ

ಹಳ್ಳಿಯಿಂದ ಕಾಲೇಜಿಗೆ 15 ಕಿ.ಮೀ. ಎನ್ನಿ. 45ರ ವೇಗದಲ್ಲಿ 20 ನಿಮಿಷ, 60ರಲ್ಲಿ 15 ನಿಮಿಷ. ಉಳಿತಾಯ ಬರೀ 5 ನಿಮಿಷ. ಬ್ರೇಕ್ ಹಾಕಿದ ಮೇಲೆ ಗಾಡಿ ಜಾರುವ ದೂರ ಮಾತ್ರ ವೇಗದ ವರ್ಗದಂತೆ ಬೆಳೆಯುತ್ತದೆ: (60/45)² = 16/9, ಸುಮಾರು 1.8 ಪಟ್ಟು. 60ರ ವೇಗದಲ್ಲಿ ಒಂದು ಸೆಕೆಂಡ್ ಮೈಮರೆತರೆ ಗಾಡಿ 16 ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಮೊದಲ ಪೀರಿಯಡ್ ತಪ್ಪಬಾರದೆಂದರೆ 5 ನಿಮಿಷ ಮುಂಚೆ ಮನೆ ಬಿಡಿ. ಮನೆಯಲ್ಲಿ ಬೈಕ್ ಓಡಿಸುವ ಅಣ್ಣ, ಭಾಯಿಯರಿಗೂ ಈ ಲೆಕ್ಕ ತೋರಿಸಿ.

ಅಭ್ಯಾಸಕ್ಕೆ

ಅ) ಹುಣಸೂರು–ಮೈಸೂರು 45 ಕಿ.ಮೀ. 7ಕ್ಕೆ ಹುಣಸೂರಿನಿಂದ ಬಸ್ಸು (ವೇಗ 40), 7.15ಕ್ಕೆ ಮೈಸೂರಿನಿಂದ ಲಾರಿ (ವೇಗ 30) ಹೊರಡುತ್ತವೆ. ಯಾವಾಗ ಎದುರಾಗುತ್ತವೆ? (ಉತ್ತರ: 7.45)

ಆ) ಕೆ.ಆರ್. ನಗರದಿಂದ ಮೈಸೂರಿಗೆ 30ರ ವೇಗದಲ್ಲಿ ಹೋದವರು, ಒಟ್ಟು ಸರಾಸರಿ 60 ಆಗಬೇಕಾದರೆ ಎಷ್ಟು ವೇಗದಲ್ಲಿ ಹಿಂದಿರುಗಬೇಕು? ಉತ್ತರವನ್ನು ಕಾರಣ ಸಮೇತ ಬರೆದು ಸ್ಟಾಫ್ ರೂಮಿಗೆ ತನ್ನಿ. ‘90’ ಎಂದು ಬರೆದವರ ಜೊತೆ ಕುಳಿತು ಇನ್ನೊಮ್ಮೆ ಬಿಡಿಸೋಣ.